ಸೂರಿನ ಕೆಳಗಿನ ಕೊಳ

ನಮ್ಮ ಹಳ್ಳಿಯಲ್ಲಿ ಮನೆಗೊಂದು ಹೊಂಡ. ಅದಕ್ಕೆ ತನೆ ಎನ್ನುತ್ತೇವೆ. ಬಿತ್ತನೆಯ ಬೀಜಕ್ಕೂ ಅದೇ ಮಾತು. ಎರಡಕ್ಕೂ ಒಂದೇ ಹೆಸರು ಏಕೆ ಬಂತೆಂದು ಕೇಳಿದರೆ ಹತ್ತು ಜನ ಹತ್ತು ಕಥೆ ಹೇಳುತ್ತಾರೆ. ಹೊಂಡದ ಕೆಲಸದ ಬಗ್ಗೆ ಮಾತ್ರ ಜಗಳವಿಲ್ಲ. ಬೆಟ್ಟದ ಒರತೆಯ ನೀರು ಅದರೊಳಕ್ಕೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಮಾಡಿನ ಮೇಲೆ ಆಳೆತ್ತರ ಕೂರುವ ಹಿಮವನ್ನು ಸಲಿಕೆಯಿಂದ ಕಡಿದು ಸೂರಿನಿಂದ ನೇರ ಅದಕ್ಕೆ ತಳ್ಳಿದರೆ, ಒರತೆಯ ನೀರು ಅದನ್ನು ಕರಗಿಸಿ ಕೆಳಗಿನ ಗದ್ದೆಗಳಿಗೆ ಒಯ್ಯುತ್ತದೆ. ಹಾಗೆ ಮಾಡದಿದ್ದರೆ ಜಪಾನಿನ ನೀಗಾತ ಸೀಮೆಯ ಈ ಬೆಟ್ಟಗಳಲ್ಲಿ ಫೆಬ್ರವರಿ ಹೊತ್ತಿಗೆ ನಮ್ಮ ಮನೆಯ ಬಾಗಿಲನ್ನು ನಾವೇ ಹುಡುಕಬೇಕಾಗುತ್ತದೆ.

ನಮ್ಮ ಹಿತ್ತಿಲಿನ ಅಂಥ ತನೆಯನ್ನು ಅಗೆದು ನಾನು ಕೊಯ್ ಎನ್ನುವ ಬಣ್ಣದ ಮೀನಿಗೆ ಕೊಳ ಕಟ್ಟಿದೆ. ನಾನೇ ಕಟ್ಟಿದೆ. ಎರಡು ಸಲ ಹೇಳುವುದಕ್ಕೆ ಕಾರಣವಿದೆ. ಹೊರಗಿನಿಂದ ಬಂದವರೆಲ್ಲ ಅದನ್ನು ನೋಡಿ ಇಸೊಜಿಯವರ ಕೈಕೆಲಸ ಚೆನ್ನಾಗಿದೆ ಎನ್ನುತ್ತಾರೆ. ಇಸೊಜಿ ನನ್ನ ಗಂಡ. ಒಳ್ಳೆಯ ಮನುಷ್ಯ. ಕೈಗೆ ಹಾರೆ ಕೊಟ್ಟರೆ ಅದಕ್ಕೆ ಒರಗಿ ನಿಂತು ಮಾತಾಡುತ್ತಾರೆ.

ನಾನು ಹಿಸಾನೊ, ಕೆಳಗಿನೂರಿನ ಗಾರೆ ಕೆಲಸದವನ ಮಗಳು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹದಿನಾಲ್ಕನೆಯ ವಯಸ್ಸಿಗೇ ನನ್ನ ಕೈಗೆ ಕರಣೆ ಕೊಟ್ಟ. ಅವನ ಜೊತೆ ಉಗ್ರಾಣಗಳ ಬಿಳಿ ಗೋಡೆ ತಿದ್ದಿದ್ದೇನೆ, ದೇವಾಲಯದ ಗೋಡೆಯನ್ನೂ ತಿದ್ದಿದ್ದೇನೆ. ಮದುವೆಯಾಗಿ ಈ ಬೆಟ್ಟಕ್ಕೆ ಬಂದ ಮೇಲೆ ನನ್ನ ಕರಣೆಗೆ ಸಿಕ್ಕ ಕೆಲಸವೆಂದರೆ ಒಲೆ ಸರಿಮಾಡುವುದು, ಬಚ್ಚಲಿನ ಬಿರುಕು ಮುಚ್ಚುವುದು. ಇದು ಕೊಯ್ ಸಾಕುವವರ ಊರು. ಮೀನಿನ ತೊಟ್ಟಿ ಕಟ್ಟಬೇಕೆಂದರೆ ಪಟ್ಟಣದಿಂದ ಗುತ್ತಿಗೆದಾರರನ್ನು ಕರೆಸುತ್ತಾರೆ. ಪಕ್ಕದಲ್ಲೇ ನಾನಿದ್ದೇನೆಂದು ಮೂವತ್ತು ವರ್ಷದಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ನನಗೆ ಸಿಟ್ಟಿತ್ತು. ಈಗಲೂ ಸ್ವಲ್ಪ ಇದೆ.

ಆ ವರ್ಷ ಜೂನಿನಲ್ಲಿ ನಾಟಿ ಮುಗಿದ ಮರುದಿನವೇ ಗುದ್ದಲಿ ಹಿಡಿದೆ. ಇಸೊಜಿ ಏನು ಹುಡುಕುತ್ತಿದ್ದೀಯೆಂದು ಕೇಳಿದರು. ಕೊಳ ಎಂದೆ. ಹಳೆಯ ಕೆಸರನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮೂಲಂಗಿ ಮಡಿಗೆ ಸುರಿದೆ. ತಳಕ್ಕೆ ಹೊಳೆಕಲ್ಲು ಜಡಿದು, ಜಲ್ಲಿ ಹರಡಿ, ಕಬ್ಬಿಣದ ಬಲೆ ಹಾಸಿ, ಮೂರು ಪದರ ಸಿಮೆಂಟು ಗಾರೆ ಬಳಿದೆ. ಕೊಳದ ಆಳ ನನ್ನ ಎದೆಮಟ್ಟ. ಸೂರಿನ ಕಡೆಯ ಒಂದು ಮೂಲೆಯಲ್ಲಿ ಮಾತ್ರ ಒಂದಾಳು ಮುಳುಗುವಷ್ಟು ಗುಂಡಿ. ಒರತೆಯ ನೀರು ಮೇಲಿನಿಂದ ಬೀಳದೆ ಆ ಗುಂಡಿಯ ತಳದಲ್ಲೇ ಹೊರಬರುವಂತೆ ಕೊಳವೆ ಹೂತು, ಅದರ ಇನ್ನೊಂದು ತುದಿಗೆ ದಡದ ಮೇಲೆ ಮರದ ಬೆಣೆ ಹೊಡೆದೆ. ಬೆಣೆ ಎಳೆದಷ್ಟು ನೀರು. ನಮ್ಮ ಒರತೆ ಚಳಿಗಾಲದಲ್ಲೂ ಬೆಚ್ಚಗೇ ಬರುತ್ತದೆ, ಆ ಬೆಚ್ಚಗಿನ ನೀರು ಮೀನು ಮಲಗುವ ಜಾಗಕ್ಕೇ ಮೊದಲು ಸಿಗಬೇಕೆಂದು ನನ್ನ ಲೆಕ್ಕ. ನೆಲಕ್ಕೆ ನೀರು ಬಸಿಯುವ ತೂಬಿನ ಕಡೆ ವಾಟ ಕೊಟ್ಟೆ. ಮೂಲೆಗಳನ್ನೆಲ್ಲ ದುಂಡಗೆ ತಿದ್ದಿ, ಕೊನೆಯ ಪದರವನ್ನು ಕರಣೆಯ ಬೆನ್ನಿನಿಂದ ತಿಕ್ಕಿ ತಿಕ್ಕಿ ನುಣುಪು ಮಾಡಿದೆ, ಮೀನು ಮೈ ಉಜ್ಜಿಕೊಂಡರೆ ಒಂದು ಹುರುಪೆಯೂ ಏಳಬಾರದು. ಅಂಥ ಗೋಡೆಯನ್ನು ಅಪ್ಪ ನೋಡಿದ್ದರೆ ಹೊಗಳುತ್ತಿರಲಿಲ್ಲ, ಸುಮ್ಮನೆ ಒಮ್ಮೆ ಅಂಗೈ ಆಡಿಸಿ ಊಟಕ್ಕೆ ಹೋಗುತ್ತಿದ್ದ. ಅವನ ಹೊಗಳಿಕೆ ಅಷ್ಟೇ, ಅದು ಸಿಕ್ಕ ದಿನ ನನಗೆ ನಿದ್ದೆ ಬರುತ್ತಿರಲಿಲ್ಲ.

ಆಗಸ್ಟಿನಲ್ಲಿ ಪಿತೃಗಳ ಹಬ್ಬ ಮುಗಿದ ಮೇಲೆ ಕೊಯ್ ಸಾಕುವವರ ಸಂಘ ಸಭಾಮನೆಯಲ್ಲಿ ಸೇರಿತು. ಹೆಂಗಸರು ಉಪ್ಪಿನಲ್ಲಿ ಹಾಕಿದ ಬದನೆಕಾಯಿ ಬಡಿಸುವುದಕ್ಕೆ, ಅಕ್ಕಿಯ ಹೆಂಡ ಸಾಕೆ ಬಗ್ಗಿಸುವುದಕ್ಕೆ ಹೋಗುತ್ತೇವೆ. ಅಂದು ಎಲ್ಲರ ಬಾಯಲ್ಲೂ ಗೆನ್ಪಾಚಿ ಭಾವನ ಮಾತೇ. ಗೆನ್ಪಾಚಿ ಇಸೊಜಿಯ ಅಣ್ಣ, ಸಂಘದಲ್ಲಿ ಅವರ ಮಾತೇ ಮಾತು. ಅಣ್ಣತಮ್ಮ ಇಬ್ಬರೂ ಹುಟ್ಟಿ ಬೆಳೆದದ್ದು ನಮ್ಮ ಈಗಿನ ಮನೆಯಲ್ಲೇ. ಮೀನಿನ ಕಸುಬು ಕೈಹಿಡಿದ ಮೇಲೆ ಭಾವ ರಸ್ತೆಯ ಪಕ್ಕ ಹೊಸ ಮನೆ ಕಟ್ಟಿ ಹಳೆಯದನ್ನು ನಮಗೆ ಬಿಟ್ಟರು. ಆ ವಸಂತದಲ್ಲಿ ಹಿಮ ಕರಗುವಾಗ ಗುಡ್ಡ ಒಂದಿಷ್ಟು ಜರುಗಿ ಚಳಿಗಾಲದಲ್ಲಿ ಬೆಟ್ಟದ ಕೊಳಗಳ ಮೀನನ್ನು ತಂದಿಡುವ ಅವರ ತೊಟ್ಟಿ ಉದ್ದಕ್ಕೂ ಸೀಳಿತ್ತು. ಸಣ್ಣ ಮೀನುಗಳನ್ನು ಕೆಳಗಿನೂರಿನ ನೆಂಟರ ತೊಟ್ಟಿಗೆ ಕಳಿಸುವುದೆಂದು ಆಗಿತ್ತು. ಚಿಂತೆಯಿದ್ದದ್ದು ಮೂರುಮಚ್ಚೆಯದು. ಹತ್ತೊಂಬತ್ತು ವರ್ಷದ ತಾಯಿಮೀನು. ಬೆಳ್ಳನೆಯ ಮೈಮೇಲೆ ತಲೆಯಿಂದ ಬಾಲದವರೆಗೆ ಮೂರು ಕೆಂಪು ಮಚ್ಚೆ. ಭಾವನ ಮನೆಯ ಒಳ್ಳೆಯ ಮೀನೆಲ್ಲ ಅವಳ ಹೊಟ್ಟೆಯಿಂದಲೇ ಬಂದದ್ದು. ಇಕ್ಕಟ್ಟಿನಲ್ಲಿ ಬಿಟ್ಟರೆ ಅವಳಿಗೆ ಮೈಯೆಲ್ಲ ಹುಣ್ಣಾಗುತ್ತದೆ.

ಯಾರೋ ಹಿಸಾನೊಳ ಹೊಸ ಕೊಳ ಇದೆಯಲ್ಲ ಎಂದರು. ಭಾವ ನಕ್ಕರು.

“ಅದು ಕೊಳಾನಾ? ನಾನು ಸ್ನಾನದ ತೊಟ್ಟಿ ಅಂದ್ಕೊಂಡಿದ್ದೆ. ಸೋಪು ಎಲ್ಲಿಡ್ತೀಯಮ್ಮ ಹಿಸಾನೊ?”

ಇಡೀ ಸಭೆ ನಕ್ಕಿತು. ಇಸೊಜಿಯೂ ನಕ್ಕರು, ನನಗೆ ಸಿಟ್ಟು ಬಂದದ್ದು ಅದಕ್ಕೇ. ಕೈಯಲ್ಲಿದ್ದ ಸಾಕೆ ಹೂಜಿಯನ್ನು ಚಾಪೆಯ ಮೇಲೆ ಇಟ್ಟೆ.

“ಭಾವ, ಮೂರುಮಚ್ಚೇನ ನನ್ನ ಕೊಳಕ್ಕೆ ಬಿಡಿ. ಹಿಮ ಕರಗಿದ ಮೇಲೆ ಜೀವಂತವಾಗಿ ನಿಮ್ಮ ಕೈಗೆ ಕೊಡ್ತೀನಿ. ಕೊಡ್ಲಿಲ್ಲಾಂದ್ರೆ ಇನ್ನು ಜನ್ಮದಲ್ಲಿ ಕರಣೆ ಮುಟ್ಟಲ್ಲ.”

ನಗು ನಿಂತಿತು. ಸಂಘದಲ್ಲೆಲ್ಲ ಹಿರಿಯಳಾದ ಕಿನು ಅಜ್ಜಿ ಬದನೆಕಾಯಿ ಅಗಿಯುವುದನ್ನು ನಿಲ್ಲಿಸಿ, ನಾನು ಕೇಳಿಸ್ಕೊಂಡೆ, ಎಲ್ಲರೂ ಕೇಳಿಸ್ಕೊಂಡ್ರಿ ತಾನೆ ಎಂದಳು. ಅಷ್ಟಾದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ನನಗೆ ತೆಗೆದುಕೊಳ್ಳುವ ಮನಸ್ಸೂ ಇರಲಿಲ್ಲ. ದಾರಿಯುದ್ದಕ್ಕೂ ಇಸೊಜಿ ತಲೆ ಕೆರೆದುಕೊಳ್ಳುತ್ತಾ ಬಂದರು. ಕರಣೆ ಬಿಟ್ಟರೆ ನೀನು ಮನೆಯಲ್ಲಿ ನನ್ನನ್ನೇ ತಿದ್ದುತ್ತಾ ಕೂರುತ್ತೀಯ, ಅದು ನನಗೆ ಆಗುವುದಿಲ್ಲ ಎಂದರು.

ಹೊಸ ಸಿಮೆಂಟು ನೀರಿಗೆ ಸುಣ್ಣದ ಕ್ಷಾರ ಬಿಡುತ್ತದೆ. ಅದರಲ್ಲಿ ಮೀನು ಬಿಟ್ಟರೆ ಮೂರು ದಿನದಲ್ಲಿ ಕಿವಿರು ಸುಟ್ಟುಹೋಗುತ್ತದೆ. ಸೆಪ್ಟೆಂಬರ್ ಪೂರ್ತಿ ಅದೇ ಕೆಲಸ: ಕೊಳ ತುಂಬಿಸುವುದು, ಭತ್ತದ ಹುಲ್ಲಿನ ಕಂತೆಗಳನ್ನು ಮುಳುಗಿಸುವುದು, ವಾರ ಬಿಟ್ಟು ಹಳದಿಯಾದ ನೀರನ್ನು ಬಸಿಯುವುದು, ಗೋಡೆ ತಿಕ್ಕುವುದು, ಮತ್ತೆ ತುಂಬಿಸುವುದು. ಅಪ್ಪ ಕಲಿಸಿದ ಪರೀಕ್ಷೆ ಸುಲಭದ್ದು. ನೀರನ್ನು ಎರಡು ಬೆರಳ ನಡುವೆ ಉಜ್ಜಿದಾಗ ಜಾರಿದರೆ ಕ್ಷಾರ ಇನ್ನೂ ಇದೆ ಎಂದು ಅರ್ಥ. ನಾಲ್ಕನೆಯ ಸಲ ಜಾರಲಿಲ್ಲ. ಗದ್ದೆಯ ಸಣ್ಣ ಮೀನು ಹಿಡಿದು ತಂದು ಬಿಟ್ಟೆ. ಹತ್ತು ದಿನ ಕಳೆದರೂ ಒಂದೂ ಸಾಯಲಿಲ್ಲ.

ಭಾವ ಮೂರು ದಿನ ಬಂದು ಕೊಳದ ಸುತ್ತ ಸುಮ್ಮನೆ ಓಡಾಡಿದರು. ಮೊದಲ ದಿನ ಬೆರಳು ಅದ್ದಿ ಉಜ್ಜಿ ನೋಡಿದರು. ಎರಡನೆಯ ದಿನ ಬೊಗಸೆಯಲ್ಲಿ ಎತ್ತಿ ಕುಡಿದರು. ಮೂರನೆಯ ದಿನ ಅಂಗಿಯ ತೋಳು ಮಡಚಿ ಗೋಡೆಯ ಒಳಮೈ ಸವರಿದರು, ಅಂಗೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ತೋಳು ಇಳಿಸಿಕೊಂಡು ಹೋದರು. ಅಕ್ಟೋಬರ್ ಕೊನೆಯಲ್ಲಿ ಬೆಟ್ಟದ ಮೇಲಿನ ಕೆಸರುಕೊಳಗಳನ್ನು ಬಸಿದು ಮೀನು ಎತ್ತುವ ವಾರ, ಮೂರುಮಚ್ಚೆಯನ್ನು ಒದ್ದೆ ಬಟ್ಟೆಯಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬಂದು ನನ್ನ ಕೊಳಕ್ಕೆ ಇಳಿಸಿದರು. ಅವಳು ಒಂದು ಸುತ್ತು ಹಾಕಿ ನೇರ ಆಳದ ಗುಂಡಿಗೆ ಹೋಗಿ ನಿಂತಳು. ನನ್ನ ಲೆಕ್ಕ ಮನುಷ್ಯರಿಗಿಂತ ಬೇಗ ಮೀನಿಗೆ ಅರ್ಥವಾಯಿತು.

ಅಲ್ಲಿಂದ ಚಳಿಗಾಲದ ಸಿದ್ಧತೆ. ದಿನದಿನಕ್ಕೆ ಮೇವು ಇಳಿಸಿದೆ. ಬೇಯಿಸಿದ ಬಾರ್ಲಿ ಮೊದಲು ಒಂದು ಹಿಡಿ, ಆಮೇಲೆ ಅರ್ಧ ಹಿಡಿ. ನವೆಂಬರ್ ನಡುವಿಗೆ ಪೂರ್ತಿ ನಿಲ್ಲಿಸಿದೆ. ತಣ್ಣೀರಿನಲ್ಲಿ ತಿಂದದ್ದು ಮೀನಿಗೆ ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಇಸೊಜಿಗೆ ಕರುಣೆ ಉಕ್ಕಿ ಅನ್ನದ ಅಗುಳು ಹಾಕಲು ಹೋದಾಗ ಕೈ ಹಿಡಿದು ಒಳಗೆ ಕಳಿಸಿದೆ. ಬಿದ್ದ ಎಲೆಯನ್ನೆಲ್ಲ ಜಾಲರಿಯಿಂದ ತೆಗೆದೆ, ತಳದ ಕಸ ಬಸಿದೆ. ಕೊಳದ ಮೇಲೆ ದೇವದಾರು ಹಲಗೆ ಹೊದಿಸಿ ಅದರ ಮೇಲೆ ಹುಲ್ಲುಚಾಪೆ ಹಾಸಿದೆ, ಗುಂಡಿಯ ಪಕ್ಕ ಒಂದು ಹಲಗೆಯಗಲ ಮಾತ್ರ ನೀರು ಉಸಿರಾಡಲು ಬಿಟ್ಟೆ. ಗಾಳಿ ಬೀಸುವ ಕಡೆ ಜೊಂಡಿನ ತಡಿಕೆ ಕಟ್ಟಿದೆ. ಡಿಸೆಂಬರ್ ಮೊದಲ ವಾರ ಹಿಮ ಬಂದಾಗ ಕೊಳ ಹೊದ್ದು ಮಲಗಿತ್ತು. ಹಿತ್ತಿಲ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದರೆ ನನ್ನೆದೆ ತುಂಬಿ ಬರುತ್ತಿತ್ತು. ಯಾರಾದರೂ ಬಂದು ಏನಾದರೂ ತಪ್ಪು ತೋರಿಸಲಿ ನೋಡೋಣ ಎಂದುಕೊಳ್ಳುತ್ತಿದ್ದೆ.

ತಪ್ಪು ಇತ್ತು. ನನಗೂ ಕಾಣಲಿಲ್ಲ.

ಅಲ್ಲಿಯವರೆಗೆ ಇಳಿಸುವಷ್ಟು ಹಿಮ ಮಾಡಿನ ಮೇಲೆ ಕೂತಿರಲಿಲ್ಲ, ಜನವರಿಯಲ್ಲಿ ಐದು ದಿನ ಬಿಡದೆ ಬಿತ್ತು. ಆರನೆಯ ದಿನ ಇಸೊಜಿ ಮುಂದಿನ ಮಾಡಿನ ಹಿಮ ಇಳಿಸುವಾಗ ಜಾರಿ ಬಿದ್ದರು, ಸೊಂಟ ಹಿಡಿದುಕೊಂಡಿತು. ಹಿಮ ಆಳವಾಗಿದ್ದದ್ದಕ್ಕೆ ಮೂಳೆ ಉಳಿಯಿತು, ಬಾಯಿಯಂತೂ ಉಳಿದೇ ಇತ್ತು. ಮರುದಿನ ಅವರನ್ನು ಪಟ್ಟಣದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ವಾಪಸ್ಸು ಬಂದಾಗ ಮಧ್ಯಾಹ್ನ. ಹಿಂದಿನ ಮಾಡು ಬೋಳಾಗಿತ್ತು. ಅದರ ಮೇಲೆ ಭಾವ ನಿಂತಿದ್ದರು, ಅರವತ್ತೆರಡು ವರ್ಷದ ಮನುಷ್ಯ, ಬೆವರು ಒರೆಸಿಕೊಳ್ಳುತ್ತಾ. ತಮ್ಮ ಮಲಗಿದ್ದಾನೆಂದು ಯಾರೂ ಕರೆಯದಿದ್ದರೂ ಬಂದು ಬೆಳಗಿನಿಂದ ಒಬ್ಬರೇ ಇಡೀ ಮಾಡು ಖಾಲಿ ಮಾಡಿದ್ದರು. ನನ್ನನ್ನು ನೋಡಿ ಸಲಿಕೆ ಎತ್ತಿ ತೋರಿಸಿದರು.

ನಾನು ಅವರನ್ನು ನೋಡಲಿಲ್ಲ. ಸೂರಿನ ಕೆಳಗೆ ನೋಡುತ್ತಿದ್ದೆ. ಕೊಳ ಇದ್ದ ಜಾಗದಲ್ಲಿ ಬಿಳಿ ಗುಡ್ಡ. ಮುರಿದ ಹಲಗೆಯೊಂದು ಅದರಿಂದ ಮೇಲಕ್ಕೆ ಚಾಚಿಕೊಂಡಿತ್ತು.

ಭಾವ ನನ್ನ ಕಣ್ಣು ಹೋದ ಕಡೆ ನೋಡಿದರು. ಸಲಿಕೆ ಅವರ ಕೈಯಿಂದ ಜಾರಿ ಮಾಡಿನ ಮೇಲೆ ಸದ್ದು ಮಾಡುತ್ತಾ ಕೆಳಗೆ ಬಿತ್ತು. ಏಣಿ ಇಳಿದು ಬಂದು ನನ್ನ ಪಕ್ಕ ನಿಂತರು.

“ಕೈಗೆ ಗೊತ್ತಾಗ್ಲಿಲ್ಲ ಹಿಸಾನೊ,” ಎಂದರು. “ಹತ್ತು ವರ್ಷದವನಿದ್ದಾಗಿಂದ ಈ ಮಾಡಿನ ಹಿಮ ಅಲ್ಲಿಗೇ ಹಾಕಿದೀನಿ. ತಲೆಗೆ ಗೊತ್ತಿತ್ತು. ಕೈಗೆ ಗೊತ್ತಾಗ್ಲಿಲ್ಲ.”

ಅವರಿಗೆ ಬೈಯಬೇಕೆಂದು ಬಾಯಿ ತೆರೆದವಳು ಮುಚ್ಚಿದೆ. ಏಕೆಂದರೆ ಅದೇ ಗಳಿಗೆಯಲ್ಲಿ ನನಗೂ ಹೊಳೆಯಿತು. ತನೆಯನ್ನು ಆ ಜಾಗದಲ್ಲಿ ಅಗೆದವರು ಸೂರಿನ ಹಿಮ ಬೀಳಲಿ ಎಂದೇ ಅಗೆದದ್ದು. ಒರತೆ ಸಿಗುತ್ತದೆಂದು ನಾನು ಅದೇ ಜಾಗ ಹಿಡಿದೆ, ಆಳದ ಗುಂಡಿಯನ್ನೂ ಸೂರಿನ ಬುಡದಲ್ಲೇ ತೋಡಿದೆ, ಮೇಲೆ ಮಾಡು ಇದೆ ಎನ್ನುವುದನ್ನೇ ಮರೆತೆ. ಗೋಡೆಯ ನುಣುಪು ನೋಡುತ್ತಾ ಕುಳಿತವಳು ತಲೆ ಎತ್ತಿ ಒಮ್ಮೆ ನೋಡಿರಲಿಲ್ಲ.

ಭಾವ ನೀರಿಗೆ ಇಳಿಯಲು ಬೂಟು ಕಳಚುತ್ತಿದ್ದರು. ತೋಳು ಹಿಡಿದು ನಿಲ್ಲಿಸಿದೆ. ಚಳಿಯಲ್ಲಿ ಮಲಗಿದ ಮೀನನ್ನು ಕಲಕಿದರೆ ಬದುಕಿದ್ದರೂ ಸಾಯುತ್ತದೆ, ಅದನ್ನು ನನಗೆ ಹೇಳಿಕೊಟ್ಟವರು ಅವರೇ. ಗುಂಡಿಗೆ ದೂರವಾದ ಕಡೆಯಿಂದ ಮಾತ್ರ, ಮೇಲುಮೇಲಿನ ಹಿಮವನ್ನು ಇಬ್ಬರೂ ಬುಟ್ಟಿಯಲ್ಲಿ ಸದ್ದಿಲ್ಲದೆ ಹೊತ್ತು ಹಾಕಿದೆವು. ನಾನು ದಡದ ಹಿಮ ಬಗೆದು ಬೆಣೆಯನ್ನು ಹುಡುಕಿ ಪೂರ್ತಿ ಎಳೆದೆ. ಒರತೆ ಗುಂಡಿಯ ತಳದಿಂದ ಭರ್ರೆಂದು ನುಗ್ಗಿದ್ದು ಕಾಲಿನ ಕೆಳಗೆ ಕೇಳಿಸಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಗುಂಡಿಯ ಮೇಲೆ ಬಾಣಲೆಯಗಲದ ಕಪ್ಪು ನೀರು ಕಂಡಿತು, ಅದರಿಂದ ಹಬೆ ಏಳುತ್ತಿತ್ತು. ಅದರ ಕೆಳಗೆ ಏನಿದೆಯೋ ಕಾಣಲಿಲ್ಲ. ಮಾಡಿನ ಮಸಿಯೆಲ್ಲ ಹಿಮದ ಜೊತೆ ಇಳಿದು ನೀರು ಬಗ್ಗಡವಾಗಿತ್ತು.

ಭಾವ ಸಂಘದಲ್ಲಿ ಹೇಳಿಬಿಡುತ್ತೇನೆ ಎಂದರು. ತಪ್ಪು ತಮ್ಮದು, ಮೀನು ತಮ್ಮದು, ಇನ್ನು ಹಿಸಾನೊಳ ಮಾತಿಗೆ ಅವಳು ಕಟ್ಟುಬೀಳಬೇಕಾಗಿಲ್ಲ ಎನ್ನುವುದು ಅವರ ವಾದ. ನನಗೆ ಸಿಟ್ಟು ನೆತ್ತಿಗೇರಿತು.

“ಬಾಯಿ ಬಿಡಬೇಡಿ ಭಾವ. ಸೂರಿನ ಕೆಳಗೆ ಕೊಳ ಕಟ್ಟಿದ್ದು ನಾನು. ಅವಳು ಬದುಕಿದ್ರೆ ನನ್ನ ಕೊಳದಲ್ಲಿ ಬದುಕಿದ್ಲು, ಸತ್ರೆ ನನ್ನ ಕೊಳದಲ್ಲಿ ಸತ್ಲು. ಹಲಗೆ ಎತ್ತೋವರೆಗೂ ಸುಮ್ನಿರಿ.”

ಅವರು ತಲೆಯಾಡಿಸಿ ಹೋದರು. ಆಮೇಲಿನ ಮೂರು ತಿಂಗಳನ್ನು ಹೇಗೆ ಕಳೆದೆನೋ. ಹೊಸ ಹಲಗೆ ಹೊದಿಸಿದೆ, ಚಾಪೆ ಹಾಸಿದೆ. ಹಿಂದಿನ ಮಾಡಿನ ಹಿಮವನ್ನು ಪ್ರತಿ ಸಲ ನಾನೇ ಹತ್ತಿ ಇಳಿಸಿ ಬುಟ್ಟಿಬುಟ್ಟಿಯಾಗಿ ಆಚೆ ಕಡೆಗೆ ಹೊತ್ತೆ. ದಿನಕ್ಕೊಂದು ಸಲ ಹಿಮದ ಮೇಲೆ ಬೋರಲು ಮಲಗಿ ಆ ತೂತಿನೊಳಗೆ ಇಣುಕುತ್ತಿದ್ದೆ. ಕಪ್ಪು ನೀರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸತ್ತ ಮೀನು ಮೇಲೆ ಬರುತ್ತದಲ್ಲ ಎಂದು ಇಸೊಜಿ ಸಮಾಧಾನ ಹೇಳಿದರು. ತಣ್ಣೀರಿನಲ್ಲಿ ಬರುವುದಿಲ್ಲ, ತಳದಲ್ಲೇ ಇರುತ್ತದೆ ಎಂದು ಅವರ ಮೇಲೆ ರೇಗಿದೆ. ಅಪ್ಪ ಕೊಟ್ಟ ಕರಣೆಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ. ಮತ್ತೆ ಬಿಚ್ಚುತ್ತೇನೋ ಇಲ್ಲವೋ ಎಂದು ಹೆದರಿಕೆಯಾಯಿತು. ಹೆದರಿದ್ದೆ ಎಂದು ಹೇಳಿಕೊಳ್ಳುವುದಕ್ಕೆ ಈಗ ನನಗೆ ನಾಚಿಕೆಯಿಲ್ಲ.

ಏಪ್ರಿಲ್ ಇಪ್ಪತ್ತರ ಸುಮಾರಿಗೆ ಹಿತ್ತಿಲ ಹಿಮ ಸೊಂಟದ ಮಟ್ಟಕ್ಕೆ ಇಳಿದು, ಕೊಳದ ದಡ ಕಪ್ಪಗೆ ಕಂಡಿತು. ಹಲಗೆ ಎತ್ತುವ ದಿನವೆಂದು ಸಂಘದ ಹತ್ತು ಹದಿನೈದು ಜನ ಸೇರಿದರು. ಕಿನು ಅಜ್ಜಿ ಹುಲ್ಲುಬೂಟು ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಭಾವ ಸಣ್ಣ ಟ್ರಕ್ಕಿನಲ್ಲಿ ಬಂದರು, ಹಿಂದೆ ಒದ್ದೆ ಬಟ್ಟೆ ಮುಚ್ಚಿದ ಮೀನಿನ ತೊಟ್ಟಿ. ಹೆಣವಾದರೂ ಸರಿ, ಮನೆಗೆ ಒಯ್ಯಲು ತಂದಿರಬೇಕೆಂದುಕೊಂಡೆ.

ಮೊದಲ ಹಲಗೆ ನಾನೇ ಎತ್ತಿದೆ. ನೀರು ತಿಳಿಯಾಗಿತ್ತು, ನನ್ನ ಗೋಡೆ ಒಂದು ಗೀರಿಲ್ಲದೆ ಕಂಡಿತು. ಎರಡನೆಯ ಹಲಗೆ. ಮೂರನೆಯದು. ಗುಂಡಿಯ ಮೇಲಿನದನ್ನು ಎತ್ತುವಾಗ ಇಸೊಜಿ ಸೊಂಟನೋವು ಮರೆತು ಇನ್ನೊಂದು ತುದಿ ಹಿಡಿದರು. ಬೆಳಕು ತಳಕ್ಕೆ ಇಳಿಯಿತು. ಅಲ್ಲಿ ಏನೋ ಬೆಳ್ಳಗಿತ್ತು. ಅದು ಅಲುಗಲಿಲ್ಲ. ಆಮೇಲೆ ಅದರ ಒಂದು ಬದಿಯ ರೆಕ್ಕೆ ಮೆಲ್ಲಗೆ ತೆರೆದುಕೊಂಡಿತು. ಒಂದು ಕೆಂಪು ಮಚ್ಚೆ, ಎರಡು, ಮೂರು. ಸೊರಗಿದ್ದಳು, ತಲೆ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಗಾಯವಿಲ್ಲ, ಹುಣ್ಣಿಲ್ಲ. ಆತುರವೇನೂ ಇಲ್ಲದವಳ ಹಾಗೆ ಮೇಲೆ ಬಂದು ನಮ್ಮೆಲ್ಲರ ಮುಂದೆ ಬಾಯಿ ತೆರೆದಳು.

ಹಾಗೇ ದಡದ ಮೇಲೆ ಕುಳಿತುಬಿಟ್ಟೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು, ಯಾರೋ ನನ್ನ ಬೆನ್ನು ತಟ್ಟಿದರು. ಅಷ್ಟರಲ್ಲಿ ಭಾವ ತಲೆಯ ಮೇಲಿನ ಟೋಪಿ ತೆಗೆದರು. ಸಂಘದ ಮುಂದೆ ಅವರು ಟೋಪಿ ತೆಗೆದದ್ದನ್ನು ನಾನು ನೋಡಿಯೇ ಇರಲಿಲ್ಲ.

“ಜನವರೀಲಿ ಈ ಮಾಡಿನ ಹಿಮ ಅಷ್ಟೂ ಇದರೊಳಕ್ಕೆ ತಳ್ಳಿದ್ದು ನಾನು,” ಎಂದರು. “ನನ್ನ ಮೀನಿನ ಮೇಲೆ ನಾನೇ. ನನ್ನ ತೊಟ್ಟೀಲಿ ಹಾಗೆ ಮಾಡಿದ್ರೆ ಅವತ್ತೇ ಸತ್ತಿರೋಳು. ಇವಳ ಕೊಳದಲ್ಲಿ ಸಾಯಲಿಲ್ಲ.”

ಅದನ್ನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಿನು ಅಜ್ಜಿ ಮಾತ್ರ ಬಿಡಲಿಲ್ಲ. ಸತ್ತಿದ್ದರೆ ಹಿಸಾನೊ ಕರಣೆ ಬಿಡುತ್ತಿದ್ದಳಲ್ಲ, ಆಗಲೂ ಹೇಳುತ್ತಿದ್ದೆಯಾ ಎಂದು ಕೇಳಿದಳು. ಹೇಳುವುದಕ್ಕೆ ಸಿದ್ಧನಾಗೇ ಬಂದಿದ್ದೆ, ಇವಳು ಎಷ್ಟು ಬೈದರೂ ಸರಿ ಎಂದರು ಭಾವ. ನಾನು ಎದ್ದು, ಮಾಡು ನೋಡದೆ ಕೊಳ ಕಟ್ಟಿದ್ದು ನನ್ನ ತಪ್ಪು, ಮುಂದಿನ ಹಿಮಕ್ಕೆ ಮೊದಲು ಸೂರಿಗೆ ಓರೆಹಲಗೆ ಹೊಡೆದು ಹಿಮ ಆಚೆ ಬೀಳುವ ಹಾಗೆ ಮಾಡುತ್ತೇನೆ ಎಂದೆ. ತಪ್ಪು ಒಪ್ಪಿಕೊಳ್ಳುವಾಗಲೂ ತಲೆ ಎತ್ತಿಯೇ ನಿಂತಿದ್ದೆ. ಅಂಥ ಕೊಳ ಕಟ್ಟಿದವಳು ತಲೆ ತಗ್ಗಿಸುವುದಿಲ್ಲ.

ಆಮೇಲೆ ಮೂರುಮಚ್ಚೆಯನ್ನು ಒಪ್ಪಿಸಲು ಬಲೆ ತಂದೆ. ಮಾತು ಕೊಟ್ಟಂತೆ ಜೀವಂತವಾಗಿ ಅವರ ಕೈಗೆ ಕೊಡಬೇಕಿತ್ತು. ಭಾವ ಅಷ್ಟರಲ್ಲಿ ಇಸೊಜಿಯ ಜೊತೆ ತೊಟ್ಟಿಯನ್ನು ದಡಕ್ಕೆ ಇಳಿಸುತ್ತಿದ್ದರು. ಅದು ಭಾರವಾಗಿತ್ತು, ಒಳಗೆ ನೀರು ಅಲುಗಾಡಿ ಚೆಲ್ಲಿತು.

“ಬಲೆ ಒಳಗಿಡು. ಅವಳನ್ನ ಒಯ್ಯೋಕೆ ಬಂದಿಲ್ಲ ನಾನು,” ಎಂದು ಬಟ್ಟೆ ಸರಿಸಿದರು.

ಒಳಗೆ ನಾಲ್ಕು ವರ್ಷದ ಎರಡು ಹೆಣ್ಣು ಮೀನು, ಮೂರುಮಚ್ಚೆಯ ಮಕ್ಕಳು. ತಾಯಿಯದೇ ಬಿಳುಪು, ತಾಯಿಯದೇ ಕೆಂಪು. ಇನ್ನು ಐದಾರು ವರ್ಷಕ್ಕೆ ಭಾವನ ಮನೆಯ ಕಸುಬು ನಡೆಯಬೇಕಾದದ್ದು ಅವುಗಳಿಂದಲೇ. ಬೆಳಿಗ್ಗೆ ಐದಕ್ಕೇ ಎದ್ದು ಕೆಳಗಿನೂರಿನ ನೆಂಟರ ತೊಟ್ಟಿಯಿಂದ ಎತ್ತಿಕೊಂಡು ಬಂದಿದ್ದರಂತೆ.

ಬೆಳಿಗ್ಗೆ ಐದಕ್ಕೆ ಕೊಳದ ಮೇಲೆ ಹಲಗೆ ಇತ್ತು. ತಾಯಿ ಬದುಕಿದ್ದಾಳೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ತಂಬಿಗೆ ತೆಗೆದುಕೊಂಡು ಮಂಡಿಯೂರಿ ಕುಳಿತೆ. ಬೇರೆ ನೀರಿನಿಂದ ಬಂದ ಮೀನನ್ನು ಒಮ್ಮೆಗೇ ಬಿಡಬಾರದು. ನನ್ನ ಕೊಳದ ನೀರನ್ನು ಒಂದೊಂದೇ ತಂಬಿಗೆ ಮೊಗೆದು, ಅವು ಒಗ್ಗಿಕೊಳ್ಳುವವರೆಗೆ ಆ ತೊಟ್ಟಿಗೆ ಹುಯ್ಯುತ್ತಾ ಹೋದೆ.